ಒಡೆಯದ ಲಕೋಟೆ: ಬ್ರಿಟನ್ನಿನ ಟ್ಯಾಕ್ಸ್ ಕ್ರೆಡಿಟ್ ನವೀಕರಣ ಮತ್ತು ಮನೆಯ ಆದಾಯದ ಲೆಕ್ಕ

2023ರ ಆಗಸ್ಟ್‌ನಲ್ಲಿ ಒಂದು ಶನಿವಾರ ನಮ್ಮ ಬೀದಿಯ ಅಕ್ಕ ಒಬ್ಬರು ಮನೆಗೆ ಬಂದರು. ಮೂಲತಃ ತುಮಕೂರು ಕಡೆಯವರು. ಇಂಗ್ಲೆಂಡಿಗೆ ಬಂದು ಹದಿನೈದು ವರ್ಷ ದಾಟಿದೆ. ಅವರು ಶಾಲೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡುತ್ತಾರೆ, ಯಜಮಾನರು ಸ್ವಂತ ಟ್ಯಾಕ್ಸಿ ಓಡಿಸುತ್ತಾರೆ. ಇಬ್ಬರು ಮಕ್ಕಳು. ಕೈಯಲ್ಲಿ ಎರಡು ಕಂದು ಲಕೋಟೆ ಹಿಡಿದಿದ್ದರು. ಒಂದನ್ನು ಒಡೆದಿದ್ದರು, ಇನ್ನೊಂದನ್ನು ಒಡೆದೇ ಇರಲಿಲ್ಲ.

‘ನಾಲ್ಕು ವಾರಕ್ಕೊಮ್ಮೆ ಬರೋ ದುಡ್ಡು ನಿಂತೋಗಿದೆ, ಏನು ಅಂತ ಸ್ವಲ್ಪ ನೋಡಪ್ಪಾ’ ಅಂದರು.

ಒಡೆಯದ ಲಕೋಟೆ ಮೇ ತಿಂಗಳದ್ದು. ಫ್ರಿಜ್ಜಿನ ಮೇಲೆ ಕ್ಯಾಲೆಂಡರಿನ ಹಿಂದೆ ಸೇರಿಕೊಂಡಿತ್ತಂತೆ. ಒಡೆದು ನೋಡಿದರೆ ಮೊದಲ ಪುಟಕ್ಕೆ ಅಡ್ಡಲಾಗಿ ಒಂದು ಕೆಂಪು ಪಟ್ಟಿ, ಅದರ ಮೇಲೆ ‘ಈಗಲೇ ಉತ್ತರಿಸಿ’ ಅನ್ನುವ ಸೂಚನೆ. ಉತ್ತರ ಕೊಡಲು ಕೊನೆಯ ದಿನ ಜುಲೈ 31. ಅದು ಕಳೆದು ಎರಡು ವಾರ ಆಗಿತ್ತು.

‘ಹೋದ ವರ್ಷದ ಹಾಗೇ ಇರುತ್ತೆ ಅಂತ ಸುಮ್ನೆ ಇಟ್ಟೆ’ ಅಂದರು ಅಕ್ಕ. ನೋಟಿಸ್ ಬಂದರೂ ಸುಮ್ಮನಿದ್ದರೆ ತೊಂದರೆ ಇಲ್ಲ ಅನ್ನುವ ನಂಬಿಕೆ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಅಕ್ಕನಿಗೆ ಬರುತ್ತಿದ್ದದ್ದು ಟ್ಯಾಕ್ಸ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದ ಕುಟುಂಬಕ್ಕೆ ಸರ್ಕಾರ ಕೊಡುತ್ತಿದ್ದ ನೆರವಿನ ಹಣ. ಅದರ ವಿಷಯದಲ್ಲಿ ಮಾತ್ರ ಸುಮ್ಮನಿದ್ದಷ್ಟೂ ಸಾಲ ಬೆಳೆಯುತ್ತಿತ್ತು. ಅದು ಯಾಕೆ ಹಾಗೆ ಅಂತ ಅರ್ಥವಾದರೆ ಉಳಿದ ನಿಯಮಗಳೆಲ್ಲ ತಾವಾಗಿಯೇ ತಲೆಗೆ ಹತ್ತುತ್ತವೆ. 2025ರ ಏಪ್ರಿಲ್ 5ಕ್ಕೆ ಟ್ಯಾಕ್ಸ್ ಕ್ರೆಡಿಟ್ ಪೂರ್ತಿ ಮುಗಿಯಿತು, ನಿಜ. ಆದರೆ ಅದರ ಹಳೆಯ ಬಾಕಿಗಳು ಮುಗಿದಿಲ್ಲ. ಅದರ ಜಾಗಕ್ಕೆ ಬಂದ ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ಆದಾಯ ತಿಳಿಸುವ ಕೆಲಸ ಈಗ ತಿಂಗಳು ತಿಂಗಳೂ ಇದೆ.

ಮೊದಲಿಗೆ ಹೆಸರಿನ ಗೊಂದಲ ಬಿಡಿಸಿಕೊಳ್ಳೋಣ. ಕರ್ನಾಟಕದಲ್ಲಿ ವ್ಯಾಪಾರ ಮಾಡುವವರಿಗೆ ‘ಟ್ಯಾಕ್ಸ್ ಕ್ರೆಡಿಟ್’ ಅಂದರೆ ಜಿಎಸ್‌ಟಿಯ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ನೆನಪಾಗುತ್ತದೆ. ಇದು ಅದಲ್ಲ. ಬ್ರಿಟನ್ನಿನ ಟ್ಯಾಕ್ಸ್ ಕ್ರೆಡಿಟ್ ಎಂದರೆ ಕಡಿಮೆ ಆದಾಯದ ಕುಟುಂಬದ ಬ್ಯಾಂಕ್ ಖಾತೆಗೆ ಸರ್ಕಾರ ನೇರವಾಗಿ ಹಾಕುತ್ತಿದ್ದ ಹಣ. ತೆರಿಗೆ ಕಟ್ಟದವರಿಗೂ ಸಿಗುತ್ತಿತ್ತು. ಗಾರ್ಡನ್ ಬ್ರೌನ್ ಹಣಕಾಸು ಸಚಿವರಾಗಿದ್ದಾಗ, 2003ರ ಏಪ್ರಿಲ್‌ನಲ್ಲಿ ಇದು ಶುರುವಾಯಿತು. ಅದರಲ್ಲಿ ಎರಡು ಬಗೆ. ಮಕ್ಕಳಿರುವವರಿಗೆ ಚೈಲ್ಡ್ ಟ್ಯಾಕ್ಸ್ ಕ್ರೆಡಿಟ್, ದುಡಿಯುತ್ತಿದ್ದೂ ಸಂಬಳ ಸಾಲದವರಿಗೆ ವರ್ಕಿಂಗ್ ಟ್ಯಾಕ್ಸ್ ಕ್ರೆಡಿಟ್. ನಡೆಸುತ್ತಿದ್ದದ್ದು ತೆರಿಗೆ ಇಲಾಖೆಯೇ, ಅಂದರೆ ಎಚ್‌ಎಮ್‌ಆರ್‌ಸಿ.

ವಲಸೆ ಬಂದ ಎಲ್ಲರಿಗೂ ಇದು ಸಿಗುತ್ತಿರಲಿಲ್ಲ. ಕೆಲಸದ ವೀಸಾದ ಮೇಲೆ ಬಂದ ಹೆಚ್ಚಿನ ಕನ್ನಡಿಗರ ವೀಸಾದಲ್ಲಿ ‘ಸಾರ್ವಜನಿಕ ನಿಧಿಯ ನೆರವು ಪಡೆಯುವಂತಿಲ್ಲ’ ಎಂಬ ಷರತ್ತು ಇರುತ್ತದೆ. ಟ್ಯಾಕ್ಸ್ ಕ್ರೆಡಿಟ್ ಆ ನಿಧಿಯ ಪಟ್ಟಿಯಲ್ಲಿತ್ತು, ಯೂನಿವರ್ಸಲ್ ಕ್ರೆಡಿಟ್ ಕೂಡ ಇದೆ. ಕಾಯಂ ವಾಸದ ಅನುಮತಿ ಸಿಕ್ಕವರು, ಪೌರತ್ವ ಪಡೆದವರು ಅರ್ಜಿ ಹಾಕಬಹುದು. ಷರತ್ತು ಇನ್ನೂ ಇರುವವರು ಯಾರದ್ದೋ ಮಾತು ಕೇಳಿ ಅರ್ಜಿ ಹಾಕಬೇಡಿ. ಮುಂದೆ ವೀಸಾಕ್ಕೇ ಕುತ್ತು ಬರಬಹುದು.

ಅಂದಾಜಿನ ಮೇಲೆ ಕೊಟ್ಟ ದುಡ್ಡು

ನಮ್ಮೂರಲ್ಲಿ ಕರೆಂಟ್ ಮೀಟರ್ ನೋಡುವವರು ಬಂದಾಗ ಮನೆಗೆ ಬೀಗ ಹಾಕಿದ್ದರೆ ಏನು ಮಾಡುತ್ತಾರೆ? ಹಿಂದಿನ ತಿಂಗಳುಗಳ ಸರಾಸರಿ ಹಿಡಿದು ಬಿಲ್ ಕೊಡುತ್ತಾರೆ. ಆಮೇಲೆ ನಿಜವಾದ ರೀಡಿಂಗ್ ಸಿಕ್ಕಾಗ ಕಡಿಮೆ ಕಟ್ಟಿದ್ದರೆ ಬಾಕಿ ಸೇರಿಸುತ್ತಾರೆ, ಜಾಸ್ತಿ ಕಟ್ಟಿದ್ದರೆ ಮುಂದಿನ ಬಿಲ್ಲಿಗೆ ಹೊಂದಿಸುತ್ತಾರೆ. ಟ್ಯಾಕ್ಸ್ ಕ್ರೆಡಿಟ್ ಕೆಲಸ ಮಾಡುತ್ತಿದ್ದದ್ದೂ ಹೀಗೆಯೇ. ನಿಮಗೆ ಎಷ್ಟು ಸಿಗಬೇಕು ಅನ್ನುವುದು ಇಡೀ ವರ್ಷದ ಆದಾಯದ ಮೇಲೆ ನಿಂತಿತ್ತು. ಆದರೆ ವರ್ಷ ಮುಗಿಯುವ ತನಕ ಆ ಆದಾಯ ಯಾರಿಗೂ ಗೊತ್ತಿರುವುದಿಲ್ಲ. ಮಕ್ಕಳ ಊಟಕ್ಕೆ, ಬಟ್ಟೆಗೆ ದುಡ್ಡು ಬೇಕಾಗುವುದು ವಾರ ವಾರವೂ, ವರ್ಷದ ಕೊನೆಯಲ್ಲಲ್ಲ. ಹಾಗಾಗಿ ಹಿಂದಿನ ವರ್ಷದ ಆದಾಯವನ್ನೇ ಆಧಾರ ಮಾಡಿಕೊಂಡು ವಾರಕ್ಕೊಮ್ಮೆ ಅಥವಾ ನಾಲ್ಕು ವಾರಕ್ಕೊಮ್ಮೆ ಹಣ ಹಾಕುತ್ತಿದ್ದರು. ವರ್ಷ ಮುಗಿದ ಮೇಲೆ ನಿಜವಾದ ಅಂಕಿ ಕೇಳಿ ಲೆಕ್ಕ ಚುಕ್ತಾ ಮಾಡುತ್ತಿದ್ದರು. ಇಲ್ಲಿ ತೆರಿಗೆ ವರ್ಷ ಏಪ್ರಿಲ್ 6ರಿಂದ ಮುಂದಿನ ಏಪ್ರಿಲ್ 5ರವರೆಗೆ.

ಈಗ ನವೀಕರಣದ ಮಾತು. ‘ರಿನ್ಯೂವಲ್’ ಅಂದ ತಕ್ಷಣ ನಮಗೆ ಹೊಳೆಯುವುದು ಲೈಸೆನ್ಸ್ ರಿನ್ಯೂ ಮಾಡಿಸುವುದು. ಹಳೆಯದರ ಅವಧಿ ಮುಗಿಯಿತು, ಹೊಸದಕ್ಕೆ ಮುದ್ರೆ ಬಿತ್ತು, ಅಷ್ಟೇ. ಟ್ಯಾಕ್ಸ್ ಕ್ರೆಡಿಟ್ ನವೀಕರಣದಲ್ಲಿ ಒಂದೇ ಸಹಿಗೆ ಎರಡು ಕೆಲಸ ನಡೆಯುತ್ತಿದ್ದವು. ಮುಗಿದ ವರ್ಷದ ಲೆಕ್ಕವನ್ನು ನಿಜವಾದ ಆದಾಯದ ಮೇಲೆ ಮುಚ್ಚುವುದು ಒಂದು. ಹೊಸ ವರ್ಷದ ಲೆಕ್ಕವನ್ನು ಅದೇ ಅಂಕಿಯ ಮೇಲೆ ತೆರೆಯುವುದು ಇನ್ನೊಂದು. ಉತ್ತರ ಕೊಡದಿದ್ದರೆ ಎರಡೂ ಕೆಡುತ್ತಿದ್ದವು. ಹೊಸ ವರ್ಷಕ್ಕೆ ನೀವು ಅರ್ಜಿಯನ್ನೇ ಹಾಕಿಲ್ಲ ಎಂದಾಗುತ್ತಿತ್ತು. ಹಣ ನಿಲ್ಲುವುದರ ಜೊತೆಗೆ, ಏಪ್ರಿಲ್ 6ರಿಂದ ಆವರೆಗೆ ಬಂದ ಅಷ್ಟೂ ಹಣ ವಾಪಸ್ ಕೊಡಬೇಕಾದ ಬಾಕಿಯಾಗಿ ನಿಲ್ಲುತ್ತಿತ್ತು.

ಎಲ್ಲರಿಗೂ ಒಂದೇ ಥರದ ಪತ್ರ ಬರುತ್ತಿರಲಿಲ್ಲ. ಮೊದಲ ಪುಟದಲ್ಲಿ ಕಪ್ಪು ಬಣ್ಣದ ಪಟ್ಟಿ ಇದ್ದು ‘ಈಗ ಪರಿಶೀಲಿಸಿ’ ಎಂದಿದ್ದರೆ, ಒಳಗಿನ ವಿವರಗಳನ್ನು ನೋಡಿ ಎಲ್ಲ ಸರಿಯಿದ್ದರೆ ಸುಮ್ಮನಿರಬಹುದಿತ್ತು. ಆ ನವೀಕರಣ ತಾನಾಗಿಯೇ ಆಗುತ್ತಿತ್ತು. ಕೆಂಪು ಪಟ್ಟಿ ಇದ್ದರೆ ಮಾತ್ರ ಉತ್ತರಿಸಲೇಬೇಕು. ಪತ್ರದ ಜೊತೆ ಬರುವ ಟಿಸಿ603ಆರ್ ಅನ್ನುವ ಹಾಳೆಯಲ್ಲಿ ಇಲಾಖೆಗೆ ನಿಮ್ಮ ಬಗ್ಗೆ ಗೊತ್ತಿರುವ ವಿವರ ಇರುತ್ತಿತ್ತು. ಟಿಸಿ603ಡಿ ನೀವು ಆದಾಯ ತುಂಬಿ ಘೋಷಿಸಬೇಕಾದ ಹಾಳೆ. ಅಕ್ಕನ ಯಜಮಾನರದು ಸ್ವಂತ ದುಡಿಮೆ. ಅವರ ಗಳಿಕೆಯನ್ನು ಇಲಾಖೆಗೆ ಹೇಳುವ ಮಾಲೀಕ ಯಾರೂ ಇಲ್ಲ. ಅವರಿಗೆ ಕೆಂಪು ಪಟ್ಟಿ ಬಂದದ್ದರಲ್ಲಿ ಅಚ್ಚರಿ ಇರಲಿಲ್ಲ.

ಸ್ವಂತ ದುಡಿಮೆಯವರು ಜುಲೈ 31ರೊಳಗೆ ಲೆಕ್ಕಪತ್ರ ಸಿದ್ಧವಾಗಿಲ್ಲ ಎಂದು ತಡಮಾಡುತ್ತಿದ್ದರು. ಅದು ತಪ್ಪು ತಿಳಿವಳಿಕೆ. ಜುಲೈ 31ಕ್ಕೆ ಅಂದಾಜು ಕೊಟ್ಟು, ಮುಂದಿನ ಜನವರಿ 31ರೊಳಗೆ ಸರಿಯಾದ ಅಂಕಿ ಕೊಡಲು ಅವಕಾಶ ಇತ್ತು.

ಅಕ್ಕನಿಗೆ ಅದೃಷ್ಟ ಚೆನ್ನಾಗಿತ್ತು. ಎರಡನೆಯ ಲಕೋಟೆಯಲ್ಲಿದ್ದದ್ದು ಹಣ ನಿಲ್ಲಿಸಿದ ತಿಳಿವಳಿಕೆ ಪತ್ರ. ಅದರ ಮೇಲಿನ ತಾರೀಖಿನಿಂದ 30 ದಿನದೊಳಗೆ ಉತ್ತರ ಕೊಟ್ಟರೆ ಹಳೆಯ ಅರ್ಜಿ ಮತ್ತೆ ಜೀವ ಪಡೆಯುತ್ತಿತ್ತು. ಆ ಗಡುವೂ ತಪ್ಪಿದ್ದರೆ, ತಡವಾದದ್ದಕ್ಕೆ ಆಸ್ಪತ್ರೆ ಸೇರಿದ್ದೋ ಮನೆಯಲ್ಲಿ ಸಾವಾದದ್ದೋ ಅಂಥ ಬಲವಾದ ಕಾರಣ ತೋರಿಸಬೇಕಿತ್ತು. ಸೋಮವಾರ ಬೆಳಿಗ್ಗೆ ಎಂಟಕ್ಕೇ ಫೋನ್ ಹಿಡಿದು ಕೂತೆವು.

ಆರು ಸಾವಿರ ಜಾಸ್ತಿ ಬಂದ ವರ್ಷ

ಫೋನ್ ಮಾಡುವ ಮೊದಲು ಡೈನಿಂಗ್ ಟೇಬಲ್ ಮೇಲೆ ಕಾಗದಗಳನ್ನೆಲ್ಲ ಹರಡಿದೆವು. ಅಕ್ಕನ ಪಿ60, ಅಂದರೆ ವರ್ಷಕ್ಕೊಮ್ಮೆ ಸಂಬಳ ಕೊಡುವವರು ಕೊಡುವ ಚೀಟಿ. ಯಜಮಾನರ ಡೈರಿ. ಡೀಸೆಲ್ ರಸೀದಿಗಳನ್ನು ತುಂಬಿದ್ದ ಬಿಸ್ಕತ್ತಿನ ಡಬ್ಬಿ. ಕೂಡಿ ಕಳೆದಾಗ ಹಿಂದಿನ ವರ್ಷ 18,000 ಪೌಂಡ್ ಇದ್ದ ಮನೆಯ ಆದಾಯ 2022-23ರಲ್ಲಿ 24,000 ಆಗಿತ್ತು. ಕೊರೋನಾ ಹೋಗಿ ಏರ್‌ಪೋರ್ಟ್ ಬಾಡಿಗೆಗಳು ವಾಪಸ್ ಬಂದಿದ್ದವು. ವರ್ಷದ ನಡುವೆ ಇದನ್ನು ಯಾರಿಗೂ ತಿಳಿಸಿರಲಿಲ್ಲ.

ಈ 6,000 ಪೌಂಡ್ ಏನೇನು ಮಾಡಿತು ಅಂತ ನಿಧಾನವಾಗಿ ನೋಡೋಣ, ಯಾಕೆಂದರೆ ಬಹುಪಾಲು ಜನ ಎಡವಿದ್ದು ಇಲ್ಲೇ.

ಆದಾಯ ಜಾಸ್ತಿಯಾದರೆ ಮೊದಲ 2,500 ಪೌಂಡನ್ನು ಆ ವರ್ಷದ ಮಟ್ಟಿಗೆ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಉಳಿಯುವುದು 3,500. ಅದರ ಪ್ರತಿ ಪೌಂಡಿಗೆ 41 ಪೆನ್ನಿಯಂತೆ ಟ್ಯಾಕ್ಸ್ ಕ್ರೆಡಿಟ್ ಕಡಿಮೆಯಾಗಬೇಕು. ಗುಣಿಸಿದರೆ 1,435 ಪೌಂಡ್. ವರ್ಷದ ನಡುವೆ ಹೇಳಿದ್ದರೆ ವಾರಕ್ಕೆ ಇಷ್ಟಿಷ್ಟು ಅಂತ ಅದು ಆಗಲೇ ಕಡಿಮೆಯಾಗುತ್ತಿತ್ತು. ಹೇಳಲಿಲ್ಲ. ಪೂರ್ತಿ ಹಣ ಬಂತು, ಖರ್ಚೂ ಆಯಿತು. ಈಗ 1,435 ಪೌಂಡ್ ಓವರ್‌ಪೇಮೆಂಟ್.

ಅಷ್ಟಕ್ಕೇ ನಿಲ್ಲಲಿಲ್ಲ. ಏಪ್ರಿಲ್ 6ಕ್ಕೆ ಹೊಸ ವರ್ಷ ಶುರುವಾಯಿತು. ನವೀಕರಣ ಆಗಿಲ್ಲವಾದ್ದರಿಂದ ಇಲಾಖೆಗೆ ಗೊತ್ತಿರುವ ಅಂಕಿ ಇನ್ನೂ ಹಳೆಯ 18,000. ಅದರ ಮೇಲೆಯೇ ಹಣ ಬರುತ್ತಾ ಹೋಯಿತು. ಆದರೆ ಹೊಸ ವರ್ಷಕ್ಕೆ ಆಧಾರ ಆಗಬೇಕಿದ್ದದ್ದು 24,000, ಇಲ್ಲಿ 2,500ರ ರಿಯಾಯಿತಿಯೂ ಇಲ್ಲ. ಪೂರ್ತಿ 6,000ಕ್ಕೆ 41 ಪೆನ್ನಿಯಂತೆ ವರ್ಷಕ್ಕೆ 2,460 ಪೌಂಡ್, ಅಂದರೆ ವಾರಕ್ಕೆ ಸುಮಾರು 47 ಪೌಂಡ್ ಜಾಸ್ತಿ ಬರುತ್ತಿತ್ತು. ಏಪ್ರಿಲ್‌ನಿಂದ ಜುಲೈ ಕೊನೆಯವರೆಗೆ ಹದಿನಾರು ವಾರ. ಇನ್ನೂ 750 ಪೌಂಡ್ ಹತ್ತಿರ ಆಯಿತು. ಮೇ ತಿಂಗಳಲ್ಲೇ ಲಕೋಟೆ ಒಡೆದಿದ್ದರೆ ಈ ಎರಡನೆಯ ಮೊತ್ತದ ಬಹುಪಾಲು ಉಳಿಯುತ್ತಿತ್ತು.

ಲೆಕ್ಕ ಕೇಳಿ ಅಕ್ಕ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನಾವು ಮೋಸ ಮಾಡಿಲ್ಲ ಅಲ್ವಾ?’ ಅಂದರು. ಇಲ್ಲ, ಅವರು ಮೋಸ ಮಾಡಿರಲಿಲ್ಲ. ಇದನ್ನು ಒತ್ತಿ ಹೇಳಬೇಕು ಅನಿಸುತ್ತದೆ. ಆದಾಯ ಜಾಸ್ತಿಯಾದದ್ದನ್ನು ವರ್ಷದ ನಡುವೆ ತಿಳಿಸುವುದು ಕಡ್ಡಾಯವೇ ಆಗಿರಲಿಲ್ಲ. ವರ್ಷದ ಕೊನೆಗೆ ಹೇಳಿದರೂ ಕಾನೂನಿನ ಪ್ರಕಾರ ಸರಿಯೇ. ಆದರೆ ಅಷ್ಟರಲ್ಲಿ ಬಾಕಿ ಬೆಳೆದಿರುತ್ತಿತ್ತು. ಅದಕ್ಕೇ ಗೊತ್ತಿದ್ದವರು ‘ಕಡ್ಡಾಯ ಇಲ್ಲದಿದ್ದರೂ ಹೇಳಿಬಿಡಿ’ ಅನ್ನುತ್ತಿದ್ದರು.

ಕಡ್ಡಾಯವಾಗಿ ಒಂದು ತಿಂಗಳೊಳಗೆ ಹೇಳಲೇಬೇಕಾದ ಬದಲಾವಣೆಗಳು ಬೇರೆ ಇದ್ದವು. ಗಂಡ ಹೆಂಡತಿ ಬೇರೆಯಾದರೆ, ಅಥವಾ ಒಂಟಿಯಾಗಿದ್ದವರು ಯಾರ ಜೊತೆಗಾದರೂ ಸಂಸಾರ ಹೂಡಿದರೆ. ಕೆಲಸದ ಗಂಟೆ ವಾರಕ್ಕೆ 16 ಅಥವಾ 30ರ ಮಿತಿಗಿಂತ ಕೆಳಗಿಳಿದರೆ. ಮಗು ಓದು ಬಿಟ್ಟರೆ. ಮಗುವನ್ನು ನೋಡಿಕೊಳ್ಳುವವರಿಗೆ ಕೊಡುವ ಹಣ ವಾರಕ್ಕೆ 10 ಪೌಂಡ್ ಅಥವಾ ಅದಕ್ಕಿಂತ ಜಾಸ್ತಿ ಇಳಿದು ನಾಲ್ಕು ವಾರ ಹಾಗೆಯೇ ಇದ್ದರೆ. ತಿಳಿಸದಿದ್ದರೆ 300 ಪೌಂಡ್‌ವರೆಗೆ ದಂಡ. ಗೊತ್ತಿದ್ದೂ ಸುಳ್ಳು ವಿವರ ಕೊಟ್ಟರೆ 3,000ದವರೆಗೆ. ಊರಿಗೆ ಹೋಗುವವರಿಗೆ ಇನ್ನೊಂದು ನಿಯಮ ಮುಖ್ಯವಾಗಿತ್ತು. ಎಂಟು ವಾರಕ್ಕಿಂತ ಜಾಸ್ತಿ ದೇಶದ ಹೊರಗಿದ್ದರೆ ಹೇಳಬೇಕು. ಕಾಯಿಲೆ ಅಥವಾ ಮನೆಯವರ ಸಾವು ಕಾರಣವಾದರೆ ಹನ್ನೆರಡು ವಾರ. ಬೇಸಿಗೆ ರಜೆಗೆ ಮಕ್ಕಳನ್ನು ಕರೆದುಕೊಂಡು ತುಮಕೂರಿಗೆ ಹೋಗಿ, ಯಾರದೋ ಮದುವೆ ಅಂತ ಇನ್ನೂ ಎರಡು ವಾರ ಉಳಿದು ಬಂದವರು ಹೀಗೆ ಸಿಕ್ಕಿಹಾಕಿಕೊಳ್ಳುತ್ತಿದ್ದರು.

ಆದಾಯ ಕಡಿಮೆಯಾದಾಗಲೂ ಇದೇ 2,500ರ ಲೆಕ್ಕ ಇತ್ತು, ತಿರುಗಾಮುರುಗಾ. 18,000 ಇದ್ದದ್ದು 12,000ಕ್ಕೆ ಬಿದ್ದರೆ ಇಲಾಖೆ 14,500 ಎಂದು ಹಿಡಿಯುತ್ತಿತ್ತು. ಕೆಲಸ ಹೋದವರಿಗೆ ಇದು ನಿಜವಾಗಿ ನೋಯಿಸುವ ನಿಯಮ. 2,000 ಪೌಂಡ್ ಕಡಿಮೆಯಾದರೆ ಆ ವರ್ಷ ಒಂದು ಪೆನ್ನಿಯೂ ಜಾಸ್ತಿ ಸಿಗುತ್ತಿರಲಿಲ್ಲ.

ಆದಾಯ ಅಂದರೆ ಯಾವುದು ಅನ್ನುವ ಬಗ್ಗೆಯೂ ಗೊಂದಲ ಇತ್ತು. ತೆರಿಗೆ ಕಳೆಯುವ ಮೊದಲಿನ ಸಂಬಳ, ಕೈಗೆ ಬರುವುದಲ್ಲ. ಸ್ವಂತ ದುಡಿಮೆಯಾದರೆ ಖರ್ಚು ಕಳೆದ ಲಾಭ. ಪಿಂಚಣಿಗೆ ಕಟ್ಟಿದ ಹಣವನ್ನು ಕಳೆಯಬಹುದಿತ್ತು, ಎಷ್ಟೋ ಜನಕ್ಕೆ ಇದು ಗೊತ್ತೇ ಇರಲಿಲ್ಲ. ಮಕ್ಕಳಿಗೆಂದು ಸರ್ಕಾರ ಬೇರೆಯಾಗಿ ಕೊಡುವ ಚೈಲ್ಡ್ ಬೆನಿಫಿಟ್ ಲೆಕ್ಕಕ್ಕಿಲ್ಲ. ಆದರೆ ಭಾರತದಲ್ಲಿರುವ ಮನೆಯ ಬಾಡಿಗೆ, ಫಿಕ್ಸೆಡ್ ಡಿಪಾಸಿಟ್‌ನ ಬಡ್ಡಿ ಲೆಕ್ಕಕ್ಕಿತ್ತು. ಪಿಂಚಣಿ, ಬಡ್ಡಿ, ಬಾಡಿಗೆ, ವಿದೇಶದ ಆದಾಯ ಎಲ್ಲ ಸೇರಿ ವರ್ಷಕ್ಕೆ ಮೊದಲ 300 ಪೌಂಡ್ ಮಾತ್ರ ಬಿಡುತ್ತಿದ್ದರು. ‘ಅಲ್ಲಿನ ದುಡ್ಡು ಅಲ್ಲೇ ಇದೆ, ಇಲ್ಲಿಗೆ ತಂದಿಲ್ಲ’ ಅನ್ನುವ ಮಾತನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಟ್ಯಾಕ್ಸ್ ಕ್ರೆಡಿಟ್‌ನಲ್ಲಿ ಅದಕ್ಕೆ ಬೆಲೆ ಇರಲಿಲ್ಲ.

ಯಾಕೆ ಇಷ್ಟು ಜನ ಸಾಲಗಾರರಾದರು

ಮೊದಲ ವರ್ಷದಲ್ಲೇ, 2003-04ರಲ್ಲಿ, ಲಕ್ಷಾಂತರ ಕುಟುಂಬಗಳಿಗೆ ಒಟ್ಟು ಸುಮಾರು 200 ಕೋಟಿ ಪೌಂಡ್ ಜಾಸ್ತಿ ಪಾವತಿಯಾಗಿತ್ತು. ಲೆಕ್ಕ ಮುಚ್ಚಿದ ಮೇಲೆ ಅದನ್ನು ವಾಪಸ್ ಕೇಳಿದರು. ತಿಂಗಳ ಕೊನೆಗೆ ಹತ್ತು ಪೌಂಡ್ ಉಳಿಸಲಾಗದ ಮನೆಗಳವು. ಸಂಸತ್ತಿನ ಒಂಬುಡ್ಸ್‌ಮನ್, ಅಂದರೆ ಸರ್ಕಾರಿ ಇಲಾಖೆಗಳ ಮೇಲಿನ ದೂರು ವಿಚಾರಿಸುವ ಅಧಿಕಾರಿ, ಆನ್ ಅಬ್ರಹಾಂ 2005ರಲ್ಲಿ ಈ ಬಗ್ಗೆಯೇ ಒಂದು ವರದಿ ಕೊಟ್ಟರು. ಸರ್ಕಾರ ಆಗ ಒಂದು ದಾರಿ ಹುಡುಕಿತು. 2,500 ಇದ್ದ ರಿಯಾಯಿತಿಯನ್ನು 2006ರ ಏಪ್ರಿಲ್‌ನಿಂದ ಒಮ್ಮೆಗೇ 25,000 ಪೌಂಡಿಗೆ ಏರಿಸಿತು. ವರ್ಷದ ನಡುವೆ ಆದಾಯ ಎಷ್ಟು ಏರಿದರೂ ಹೆಚ್ಚಿನವರಿಗೆ ಆ ವರ್ಷ ಬಾಕಿಯೇ ಹುಟ್ಟುತ್ತಿರಲಿಲ್ಲ. ಆಮೇಲೆ ಖರ್ಚು ಕಡಿತದ ಕಾಲ ಬಂತು. 2011ರಲ್ಲಿ 10,000, 2013ರಲ್ಲಿ 5,000, 2016ರಲ್ಲಿ ಮತ್ತೆ 2,500. ಶುರುವಾದ ಕಡೆಗೇ ಬಂದು ನಿಂತಿತು. ನನ್ನ ಮಟ್ಟಿಗೆ, ಜನರಿಗೆ ನೆಮ್ಮದಿ ಕೊಟ್ಟಿದ್ದ ಒಂದೇ ತಿದ್ದುಪಡಿ ಅದಾಗಿತ್ತು. ಅದನ್ನು ಹಂತ ಹಂತವಾಗಿ ತೆಗೆದದ್ದು ಬಡವರ ಮೇಲೆ ಹಾಕಿದ ಭಾರ.

ಸಂಗಾತಿಯ ವಿಷಯದಲ್ಲಂತೂ ಇನ್ನೂ ಕಷ್ಟ ಆಯಿತು. ಟ್ಯಾಕ್ಸ್ ಕ್ರೆಡಿಟ್‌ಗೆ ಜೋಡಿಯಾಗಿದ್ದವರು ಜೋಡಿಯಾಗಿಯೇ ಅರ್ಜಿ ಹಾಕಬೇಕಿತ್ತು. ಒಂಟಿ ಎಂದು ಹೇಳಿಕೊಂಡು ಗುಟ್ಟಾಗಿ ಜೊತೆಗಿದ್ದಾರೆಯೇ ಎಂದು ಪತ್ತೆ ಮಾಡಲು 2014ರಲ್ಲಿ ಕಾನ್ಸೆಂಟ್ರಿಕ್ಸ್ ಎಂಬ ಖಾಸಗಿ ಕಂಪನಿಗೆ ಗುತ್ತಿಗೆ ಕೊಟ್ಟರು. ಅದು ದಂಡಿಯಾಗಿ ಪತ್ರ ಕಳಿಸಿತು. ಒಬ್ಬ ಮಹಿಳೆಗೆ ‘ನೀವು ಆರ್.ಎಸ್. ಮೆಕಾಲ್ ಜೊತೆ ವಾಸವಾಗಿದ್ದೀರಿ’ ಎಂದು ಬಂತು. ಅದು ಪತ್ರಿಕೆ, ಸಿಹಿತಿಂಡಿ ಮಾರುವ ಅಂಗಡಿಯ ಹೆಸರು! ಒಂಟಿ ತಾಯಂದಿರ ಹಣ ವಾರಗಟ್ಟಲೆ ನಿಂತಿತು. ಸಂಸತ್ತಿನಲ್ಲಿ ಗಲಾಟೆಯಾಗಿ 2016ರಲ್ಲಿ ಆ ಗುತ್ತಿಗೆ ಮುಗಿಯಿತು.

ಈಗ ತಿಂಗಳ ಲೆಕ್ಕ

ಯೂನಿವರ್ಸಲ್ ಕ್ರೆಡಿಟ್ 2013ರಲ್ಲಿ ಶುರುವಾಯಿತು. ಟ್ಯಾಕ್ಸ್ ಕ್ರೆಡಿಟ್ ಪಡೆಯುತ್ತಿದ್ದವರಿಗೆ ಕಾರ್ಮಿಕ ಮತ್ತು ಪಿಂಚಣಿ ಇಲಾಖೆಯಿಂದ, ಅಂದರೆ ಡಿಡಬ್ಲ್ಯುಪಿಯಿಂದ, ‘ಮೈಗ್ರೇಶನ್ ನೋಟಿಸ್’ ಬಂತು. ಮೂರು ತಿಂಗಳೊಳಗೆ ಹೊಸ ಅರ್ಜಿ ಹಾಕಬೇಕು, ತಾನಾಗಿ ಬದಲಾಗುವುದಿಲ್ಲ. ಅಕ್ಕನಿಗೆ ಅದು 2024ರಲ್ಲಿ ಬಂತು. ಈ ಸಲ ಲಕೋಟೆ ಬಂದ ದಿನವೇ ನನಗೆ ಫೋನ್ ಮಾಡಿದರು.

ಇಲ್ಲಿ ವರ್ಷದ ನವೀಕರಣ ಇಲ್ಲ. ಪ್ರತಿ ತಿಂಗಳೂ ಒಂದು ಲೆಕ್ಕ. ಸಂಬಳದವರ ಆದಾಯ, ಮಾಲೀಕರು ಎಚ್‌ಎಮ್‌ಆರ್‌ಸಿಗೆ ಕಳಿಸುವ ಮಾಹಿತಿಯಿಂದ ನೇರವಾಗಿ ಡಿಡಬ್ಲ್ಯುಪಿಗೆ ಹೋಗುತ್ತದೆ. ಕೈಗೆ ಬರುವ ಸಂಬಳದಲ್ಲಿ, ಒಂದು ಮಿತಿ ದಾಟಿದ ಮೇಲೆ ಪ್ರತಿ ಪೌಂಡಿಗೆ 55 ಪೆನ್ನಿಯಂತೆ ಯೂನಿವರ್ಸಲ್ ಕ್ರೆಡಿಟ್ ಕಡಿಮೆಯಾಗುತ್ತದೆ. ಮಕ್ಕಳಿರುವವರಿಗೆ 2025-26ರಲ್ಲಿ ಆ ಮಿತಿ ತಿಂಗಳಿಗೆ 411 ಪೌಂಡ್, ಬಾಡಿಗೆಗೆ ನೆರವು ಪಡೆಯದಿದ್ದರೆ 684. ಹಾಗಾಗಿ ಈ ತಿಂಗಳು 100 ಪೌಂಡ್ ಓವರ್‌ಟೈಮ್ ಬಂದರೆ, ಅದೇ ತಿಂಗಳ ಲೆಕ್ಕದಲ್ಲಿ 55 ಪೌಂಡ್ ಹೋಗುತ್ತದೆ. ವರ್ಷ ಕಳೆದ ಮೇಲೆ ದೊಡ್ಡ ಬಾಕಿ ಬಂದು ಎದೆ ಒಡೆಯುವುದಿಲ್ಲ. ಆ ಮಟ್ಟಿಗೆ ಇದು ಒಳ್ಳೆಯದೇ.

ಆದರೆ ತಿಂಗಳ ಲೆಕ್ಕಕ್ಕೂ ಅದರದೇ ತೊಡಕು ಇದೆ. ಅಕ್ಕನ ಸಂಬಳ ನಾಲ್ಕು ವಾರಕ್ಕೊಮ್ಮೆ ಬರುತ್ತದೆ. ವರ್ಷಕ್ಕೆ ಹದಿಮೂರು ಸಲ, ತಿಂಗಳು ಹನ್ನೆರಡೇ. ಯಾವುದೋ ಒಂದು ತಿಂಗಳ ಲೆಕ್ಕದಲ್ಲಿ ಎರಡು ಸಂಬಳ ಬೀಳುತ್ತದೆ. ಆ ತಿಂಗಳು ಯೂನಿವರ್ಸಲ್ ಕ್ರೆಡಿಟ್ ತೀರಾ ಕಡಿಮೆ, ಕೆಲವರಿಗೆ ಸೊನ್ನೆ. ಮೊದಲ ಸಲ ನೋಡಿದವರಿಗೆ ಗಾಬರಿಯಾಗುತ್ತದೆ. ತಿಂಗಳ ಸಂಬಳದವರಿಗೂ, ಭಾನುವಾರವೋ ರಜೆಯೋ ಬಂದು ಸಂಬಳ ಎರಡು ದಿನ ಮುಂಚೆ ಬಿದ್ದರೆ ಹೀಗೇ ಆಗುತ್ತಿತ್ತು. ನಾಲ್ವರು ಒಂಟಿ ತಾಯಂದಿರು ಕೋರ್ಟಿಗೆ ಹೋದರು. 2020ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಅವರ ಪರ ತೀರ್ಪು ಕೊಟ್ಟಿತು. ಅದೇ ವರ್ಷ ನಿಯಮ ತಿದ್ದಿದರು. ನಿಮಗೆ ತಿಂಗಳ ಸಂಬಳ ಇದ್ದು ಹೀಗಾದರೆ, ಒಂದನ್ನು ಪಕ್ಕದ ತಿಂಗಳಿಗೆ ಹಾಕಿ ಎಂದು ನಿಮ್ಮ ಆನ್‌ಲೈನ್ ಖಾತೆಯ ಜರ್ನಲ್‌ನಲ್ಲಿ ಬರೆದು ಕೇಳಿ. ನಾಲ್ಕು ವಾರದ ಸಂಬಳಕ್ಕೆ ಈ ತಿದ್ದುಪಡಿ ಅನ್ವಯಿಸುವುದಿಲ್ಲ. ಆ ಹದಿಮೂರನೆಯ ಸಂಬಳವನ್ನು ಮುಂದಿನ ತಿಂಗಳಿಗೆ ಎತ್ತಿಡುವುದೊಂದೇ ದಾರಿ.

ಜರ್ನಲ್ ಅಂದರೆ ನಿಮ್ಮ ಆನ್‌ಲೈನ್ ಖಾತೆಯಲ್ಲಿ ಸಂದೇಶ ಬರೆಯುವ ಜಾಗ. ಮನೆ ಬದಲಾಯಿಸಿದ್ದು, ಮಗು ಹುಟ್ಟಿದ್ದು, ಕೆಲಸ ಬಿಟ್ಟದ್ದು, ಬಾಡಿಗೆ ಏರಿದ್ದು, ಉಳಿತಾಯ ಬದಲಾದದ್ದು ಎಲ್ಲವನ್ನೂ ಖಾತೆಯಲ್ಲೇ ತಿಳಿಸಬೇಕು. ಫೋನಿನಲ್ಲಿ ಹೇಳಿದರೂ ಜರ್ನಲ್‌ನಲ್ಲಿ ಎರಡು ಸಾಲು ಬರೆದಿಡಿ. ತಾರೀಖಿನ ಸಮೇತ ಅದು ಉಳಿಯುತ್ತದೆ.

ಸ್ವಂತ ದುಡಿಮೆಯವರು ಪ್ರತಿ ತಿಂಗಳೂ ಬಂದ ಹಣ, ಆದ ಖರ್ಚು ತಾವೇ ತುಂಬಬೇಕು. ತಿಂಗಳ ಲೆಕ್ಕ ಮುಗಿಯುವ ಏಳು ದಿನ ಮುಂಚಿನಿಂದ, ಮುಗಿದ ಹದಿನಾಲ್ಕು ದಿನದವರೆಗೆ ಅವಕಾಶ. ತಪ್ಪಿದರೆ ಆ ತಿಂಗಳ ಹಣ ತಡೆಹಿಡಿಯುತ್ತಾರೆ. ಇನ್ನೊಂದು ಎಚ್ಚರ: ಒಂದು ವರ್ಷದ ಸಡಿಲಿಕೆ ಮುಗಿದ ಮೇಲೆ, ನಿಜಕ್ಕೂ ಎಷ್ಟೇ ಕಡಿಮೆ ದುಡಿದಿದ್ದರೂ, ಕನಿಷ್ಠ ಕೂಲಿಯ ಲೆಕ್ಕದಲ್ಲಿ ಇಷ್ಟು ದುಡಿದಿರಬೇಕು ಎಂದು ಹಿಡಿಯುತ್ತಾರೆ. ಬಾಡಿಗೆ ಕಡಿಮೆ ಇರುವ ಜನವರಿ, ಫೆಬ್ರವರಿಯಲ್ಲಿ ಟ್ಯಾಕ್ಸಿಯವರಿಗೆ ಇದು ಕಷ್ಟ ಕೊಡುತ್ತದೆ.

ನಮ್ಮವರು ಜಾಸ್ತಿ ಗಮನ ಕೊಡಬೇಕಾದ ವಿಷಯ ಊರಿನ ಆಸ್ತಿ. ಟ್ಯಾಕ್ಸ್ ಕ್ರೆಡಿಟ್ ಆದಾಯವನ್ನಷ್ಟೇ ನೋಡುತ್ತಿತ್ತು, ಆಸ್ತಿಯನ್ನಲ್ಲ. ಯೂನಿವರ್ಸಲ್ ಕ್ರೆಡಿಟ್ ಆಸ್ತಿಯನ್ನೂ ನೋಡುತ್ತದೆ. ಉಳಿತಾಯ ಮತ್ತು ಆಸ್ತಿ 16,000 ಪೌಂಡ್ ದಾಟಿದರೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. 6,000ಕ್ಕಿಂತ ಕಡಿಮೆ ಇದ್ದರೆ ಲೆಕ್ಕಕ್ಕಿಲ್ಲ, ನಡುವೆ ಇದ್ದರೆ ಪ್ರತಿ 250 ಪೌಂಡಿಗೆ ತಿಂಗಳಿಗೆ 4.35 ಪೌಂಡ್ ಕಡಿತ. ನೀವು ವಾಸವಿರುವ ಮನೆ ಇದರಲ್ಲಿ ಸೇರುವುದಿಲ್ಲ. ಆದರೆ ತುಮಕೂರಿನಲ್ಲಿ ಖಾಲಿ ಬಿದ್ದಿರುವ 30 ಲಕ್ಷದ ಸೈಟು? ಪೌಂಡಿಗೆ 115 ರೂಪಾಯಿ ಎಂದಿಟ್ಟುಕೊಂಡರೂ ಅದು 26,000 ಪೌಂಡ್. ಮಾರುವ ಖರ್ಚಿಗೆಂದು ನೂರಕ್ಕೆ ಹತ್ತು ಕಳೆದರೂ ಮಿತಿ ದಾಟುತ್ತದೆ. ಟ್ಯಾಕ್ಸ್ ಕ್ರೆಡಿಟ್‌ನಿಂದ ನೋಟಿಸ್ ಮೂಲಕ ಬಂದವರಿಗೆ ಹನ್ನೆರಡು ತಿಂಗಳು ಈ 16,000ದ ಮಿತಿಯಿಂದ ವಿನಾಯಿತಿ ಕೊಟ್ಟಿದ್ದರು. ಅದು ಮುಗಿದ ಮೇಲೆ ಸಾಮಾನ್ಯ ನಿಯಮವೇ.

ಹಾಗಂತ ಊರಲ್ಲಿ ಮನೆ ಇದ್ದವರೆಲ್ಲ ಹೆದರಬೇಕಿಲ್ಲ. ಆ ಮನೆಯಲ್ಲಿ ನಿಮ್ಮ ವಯಸ್ಸಾದ ಅಪ್ಪ ಅಮ್ಮ ವಾಸವಾಗಿದ್ದು ಅವರು ಇಲ್ಲಿನ ಪಿಂಚಣಿ ವಯಸ್ಸು ದಾಟಿದ್ದರೆ, ಆ ಮನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅಣ್ಣ ತಮ್ಮಂದಿರ ಜೊತೆ ಜಂಟಿಯಾಗಿರುವ ಆಸ್ತಿಯಾದರೆ ನಿಮ್ಮ ಪಾಲನ್ನು ಮಾತ್ರ ನೋಡುತ್ತಾರೆ. ಹೇಳಿಕೊಂಡರೆ ಹೀಗೆ ದಾರಿ ಇರುತ್ತದೆ. ಮುಚ್ಚಿಟ್ಟು ಆಮೇಲೆ ಗೊತ್ತಾದರೆ ಅಷ್ಟೂ ವರ್ಷದ ಹಣ ವಾಪಸ್ ಕೊಡಬೇಕಾಗುತ್ತದೆ. ಊರಿಗೆ ಹೋಗುವ ಅವಧಿಯೂ ಈಗ ಕಡಿಮೆ. ಒಂದು ತಿಂಗಳು, ಹತ್ತಿರದವರ ಸಾವಾಗಿ ಬೇಗ ಮರಳಲಾಗದಿದ್ದರೆ ಇನ್ನೊಂದು ತಿಂಗಳು. ಹೊರಡುವ ಮೊದಲೇ ಜರ್ನಲ್‌ನಲ್ಲಿ ತಿಳಿಸಿ.

ಹಳೆಯ ಬಾಕಿಯ ಪತ್ರ ಬಂದರೆ

ಟ್ಯಾಕ್ಸ್ ಕ್ರೆಡಿಟ್‌ನ ಹಳೆಯ ಓವರ್‌ಪೇಮೆಂಟ್, ನೀವು ಯೂನಿವರ್ಸಲ್ ಕ್ರೆಡಿಟ್‌ಗೆ ಬಂದ ಮೇಲೆ ಡಿಡಬ್ಲ್ಯುಪಿಗೆ ವರ್ಗವಾಗುತ್ತದೆ. ತಿಂಗಳ ಹಣದಲ್ಲೇ ಕಂತಾಗಿ ಮುರಿದುಕೊಳ್ಳುತ್ತಾರೆ. ಇಂಥ ಕಡಿತಗಳೆಲ್ಲ ಸೇರಿ ಮೂಲ ಭತ್ಯೆಯ ನೂರಕ್ಕೆ 25 ಮೀರಬಾರದು ಎಂದಿತ್ತು. 2025ರ ಏಪ್ರಿಲ್ ಕೊನೆಯಿಂದ ಅದನ್ನು ನೂರಕ್ಕೆ 15ಕ್ಕೆ ಇಳಿಸಿದ್ದಾರೆ. ದಂಪತಿಗೆ 2025-26ರ ಮೂಲ ಭತ್ಯೆ 628.10 ಪೌಂಡ್. ಅಂದರೆ ತಿಂಗಳಿಗೆ 94 ಪೌಂಡಿನಷ್ಟು. ಅಷ್ಟೂ ಕೊಡಲಾಗದಿದ್ದರೆ ಮನೆಯ ಖರ್ಚಿನ ಪಟ್ಟಿ ಹಾಕಿ, ಕಂತು ಇನ್ನೂ ಕಡಿಮೆ ಮಾಡಿ ಎಂದು ಕೇಳಬಹುದು. ಕೇಳುವುದರಲ್ಲಿ ನಾಚಿಕೆ ಏನೂ ಇಲ್ಲ.

ಬಾಕಿ ಎಂದು ಬಂದದ್ದೆಲ್ಲ ಸರಿ ಎಂದೂ ಒಪ್ಪಿಕೊಳ್ಳಬೇಕಿಲ್ಲ. ಯಾವ ವರ್ಷದ್ದು, ಯಾವ ಆದಾಯದ ಮೇಲೆ ಲೆಕ್ಕ ಹಾಕಿದ್ದೀರಿ ಎಂದು ವಿವರ ಕೇಳಿ. ಟ್ಯಾಕ್ಸ್ ಕ್ರೆಡಿಟ್‌ನಲ್ಲಿ, ನೀವು ಹೇಳಬೇಕಾದದ್ದನ್ನು ಹೇಳಿ ಇಲಾಖೆ ತನ್ನ ಕೆಲಸ ಸರಿಯಾಗಿ ಮಾಡದೆ ಬಾಕಿ ಹುಟ್ಟಿದ್ದರೆ ಅದನ್ನು ಮನ್ನಾ ಮಾಡಿಸಿಕೊಳ್ಳುವ ದಾರಿ ಇತ್ತು. ಟಿಸಿ846 ಎಂಬ ಫಾರಂ ಅದಕ್ಕೇ ಇದ್ದದ್ದು, ನಿರ್ಧಾರ ಬಂದ ಮೂರು ತಿಂಗಳೊಳಗೆ ಕಳಿಸಬೇಕಿತ್ತು. ಯೂನಿವರ್ಸಲ್ ಕ್ರೆಡಿಟ್‌ನಲ್ಲಿ ನಿಯಮ ಇನ್ನೂ ಬಿಗಿ. ತಪ್ಪು ಇಲಾಖೆಯದೇ ಆಗಿದ್ದರೂ ಜಾಸ್ತಿ ಬಂದ ಹಣವನ್ನು ವಾಪಸ್ ಪಡೆಯುವ ಅಧಿಕಾರ ಅವರಿಗಿದೆ. ಹಾಗಾಗಿ ಖಾತೆಗೆ ಬಂದ ಮೊತ್ತ ನಿಮ್ಮ ನಿರೀಕ್ಷೆಗಿಂತ ಜಾಸ್ತಿ ಇದ್ದರೆ ಖುಷಿಪಟ್ಟು ಸುಮ್ಮನಿರಬೇಡಿ, ಆ ದಿನವೇ ಕೇಳಿ. ಸಿಟಿಜನ್ಸ್ ಅಡ್ವೈಸ್ ಎಂಬ ಸಲಹಾ ಸಂಸ್ಥೆಯವರು ಉಚಿತವಾಗಿ ಕೂತು ಪತ್ರ ಓದಿ ಹೇಳುತ್ತಾರೆ.

ಅಕ್ಕನ 2022-23ರ ಬಾಕಿ ಇನ್ನೂ ಕಂತಿನಲ್ಲಿ ಹೋಗುತ್ತಿದೆ. ಫೋನಿನಲ್ಲಿ ಮಾತಾಡಿದ ದಿನ, ಹೊತ್ತು, ಆ ಕಡೆಯವರು ಹೇಳಿದ್ದು ಎಲ್ಲವನ್ನೂ ಅವರು ಈಗ ಹಳೆಯ ಹೋಮ್‌ವರ್ಕ್ ಪುಸ್ತಕವೊಂದರಲ್ಲಿ ಕನ್ನಡದಲ್ಲೇ ಬರೆದಿಡುತ್ತಾರೆ. ಯಜಮಾನರ ತಿಂಗಳ ಲೆಕ್ಕ 19ಕ್ಕೆ ಮುಗಿಯುತ್ತದೆ. 20ರ ರಾತ್ರಿ ಊಟ ಆದ ಮೇಲೆ ಆ ಬಿಸ್ಕತ್ತಿನ ಡಬ್ಬಿ ಟೇಬಲ್ಲಿಗೆ ಬರುತ್ತದೆ. ದೊಡ್ಡ ಮಗಳು ರಸೀದಿ ಓದುತ್ತಾಳೆ, ಅಪ್ಪ ಕೂಡುತ್ತಾರೆ, ಅಕ್ಕ ಮೊಬೈಲಿನಲ್ಲಿ ತುಂಬುತ್ತಾರೆ. ಹೆಚ್ಚೆಂದರೆ ಅರ್ಧ ಗಂಟೆ ಹಿಡಿಯುತ್ತದಂತೆ.